ಚಿಕ್ಕ ಮಕ್ಕಳೊಂದಿಗೆ ದೂರದ ಪ್ರಯಾಣ: ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಯ ದಿನಗಳು ಹತ್ತಿರವಾಗುತ್ತಿರುವುದರಿಂದ ಈ ಬಾರಿ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದೂರ ಪ್ರಯಾಣ ಮಾಡುವ ಕಷ್ಟಕ್ಕೆ ಸಂಬಂಧಿಸಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಔಷಧದ ಹೆಸರು ಮತ್ತು ಪ್ರಮಾಣವನ್ನು ತಿಳಿಸುವಂತೆ ಕೆಲವರು ಕೇಳಿದ್ದಾರೆ. ಮಗುವಿನ ತೂಕ, ವಯಸ್ಸು ಮತ್ತು ಹಿಂದಿನ ಕಾಯಿಲೆಗಳನ್ನು ತಿಳಿಯದೆ ಅದನ್ನು ಪತ್ರಿಕೆಯಲ್ಲಿ ಹೇಳುವುದು ಸರಿಯಲ್ಲವಾದ್ದರಿಂದ ಅಷ್ಟನ್ನು ನಿಮ್ಮ ಮಗುವನ್ನು ನೋಡುವ ವೈದ್ಯರಿಗೆ ಬಿಟ್ಟಿದ್ದೇನೆ.

ಪ್ರಶ್ನೆ: ನಮಗೆ ನಾಲ್ಕು ವರ್ಷದ ಮಗಳು ಮತ್ತು ಒಂದೂವರೆ ವರ್ಷದ ಮಗ ಇದ್ದಾರೆ. ಕಳೆದ ರಜೆಯಲ್ಲಿ ಆರು ದಿನಗಳಲ್ಲಿ ನಾಲ್ಕು ಊರುಗಳನ್ನು ನೋಡಿ ಬರುವ ಯೋಜನೆ ಹಾಕಿಕೊಂಡು ಹೊರಟಿದ್ದೆವು. ವಾರಕ್ಕೆ ಮೊದಲೇ ಪಟ್ಟಿ ಮಾಡಿ ಸಾಮಾನು ಕಟ್ಟಿದ್ದೆ, ಬೇಕಾದದ್ದೆಲ್ಲ ಚೀಲದಲ್ಲಿತ್ತು. ಆದರೂ ಎರಡನೆಯ ದಿನದಿಂದಲೇ ಮಗಳು ಎಲ್ಲದಕ್ಕೂ ಹಟ ಹಿಡಿಯತೊಡಗಿದಳು, ಮಗ ಕಂಕುಳಿನಿಂದ ಕೆಳಗಿಳಿಯಲೇ ಇಲ್ಲ, ನಾನು ಮತ್ತು ನನ್ನ ಪತಿ ಮಾತುಮಾತಿಗೂ ಸಿಡುಕಿಕೊಂಡೆವು. ಈ ಸಲ ಇನ್ನೂ ಏನೇನು ಸಿದ್ಧ ಮಾಡಿಕೊಂಡರೆ ಹೀಗಾಗದು?

ಉತ್ತರ: ಸಿದ್ಧತೆಯಲ್ಲಿ ನೀವು ಕೊರತೆ ಮಾಡಿಲ್ಲವೆಂಬುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ನನಗೆ ತೊಡಕಾಗಿ ಕಂಡದ್ದು ಆರು ದಿನಗಳಲ್ಲಿ ನಾಲ್ಕು ಊರು ಎಂಬ ಲೆಕ್ಕ. ಊರು ಬದಲಿಸಿದಾಗಲೆಲ್ಲ ಚಿಕ್ಕ ಮಗು ಹೊಸ ಹಾಸಿಗೆ, ಹೊಸ ಶೌಚಾಲಯ, ಹೊಸ ಬೆಳಕು ಮತ್ತು ಹೊಸ ಸದ್ದುಗಳಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಅದು ಒಗ್ಗಿಕೊಳ್ಳುವ ಹೊತ್ತಿಗೆ ನೀವು ಮತ್ತೆ ಚೀಲ ಕಟ್ಟುತ್ತಿರುತ್ತೀರಿ. ಈ ಬಾರಿ ಪಟ್ಟಿಗೆ ಏನನ್ನು ಸೇರಿಸಬೇಕೆಂದು ಯೋಚಿಸುವ ಮೊದಲು ಯೋಜನೆಯಿಂದ ಏನನ್ನು ತೆಗೆಯಬಹುದೆಂದು ನೋಡಿ. ಅಷ್ಟೇ ದಿನಗಳಿದ್ದರೆ ಒಂದೇ ಊರಿನಲ್ಲಿ, ಹೆಚ್ಚೆಂದರೆ ಎರಡರಲ್ಲಿ, ತಂಗಿ. ದಿನಕ್ಕೆ ನೋಡಲೇಬೇಕಾದ ಒಂದು ಜಾಗವನ್ನು ಮಾತ್ರ ಗೊತ್ತುಮಾಡಿ, ಅದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ, ಮಧ್ಯಾಹ್ನದ ನಿದ್ದೆಗೆ ಕೋಣೆಗೆ ಮರಳಲು ಸಾಧ್ಯವಾಗುತ್ತದೆ. ನಿದ್ದೆ ತಪ್ಪಿದ ಮಗು ಸಂಜೆ ಬೇಗ ಮಲಗಿಬಿಡುತ್ತದೆಂದು ದೊಡ್ಡವರು ಆಸೆಪಡುತ್ತಾರೆ, ಆದರೆ ಅತಿಯಾಗಿ ದಣಿದ ಮಗು ಇನ್ನಷ್ಟು ರಚ್ಚೆ ಹಿಡಿದು ಮಲಗುವುದೇ ತಡವಾಗುತ್ತದೆ.

ಎರಡನೆಯ ಮಾತು ಕಾಯುವಿಕೆಯದು. ವಾಹನ ಓಡುತ್ತಿರುವಾಗ ಮಕ್ಕಳು ಕೊಡುವ ಕಾಟಕ್ಕಿಂತ, ಸರದಿಯಲ್ಲಿ ನಿಂತಾಗ, ಸಾಮಾನು ಬರುವುದನ್ನು ಕಾಯುವಾಗ, ಊಟ ಮೇಜಿಗೆ ಬರುವವರೆಗೆ ಕುಳಿತಿರುವಾಗ ಕೊಡುವ ಕಾಟವೇ ಹೆಚ್ಚೆಂಬುದನ್ನು ನೀವೂ ಗಮನಿಸಿರಬಹುದು. ನಾಲ್ಕು ವರ್ಷದ ಮಗುವಿಗೆ ‘ಇನ್ನು ಅರ್ಧ ಗಂಟೆ’ ಎಂಬ ಮಾತು ಏನನ್ನೂ ತಿಳಿಸುವುದಿಲ್ಲ. ‘ಆ ಕೆಂಪು ಅಂಗಿಯವರು ಹೋದ ಮೇಲೆ ನಮ್ಮ ಸರದಿ’ ಎಂದರೆ ಅರ್ಥವಾಗುತ್ತದೆ. ಆದ್ದರಿಂದ ಆಟಿಕೆ, ಬಣ್ಣದ ಕಡ್ಡಿ, ಅಂಟಿಸುವ ಚಿತ್ರಗಳು ಮುಂತಾದವನ್ನು ಹೊರಟ ಕೂಡಲೇ ಒಟ್ಟಿಗೆ ಕೊಟ್ಟು ಮುಗಿಸದೆ, ಹೀಗೆ ನಿಲ್ಲಬೇಕಾಗಿ ಬರುವ ಹೊತ್ತಿಗೆ ಒಂದೊಂದಾಗಿ ಹೊರತೆಗೆಯಿರಿ. ಇಬ್ಬರು ದೊಡ್ಡವರಿರುವಾಗ ಇಬ್ಬರೂ ಮಕ್ಕಳೊಂದಿಗೆ ಸರದಿಯಲ್ಲಿ ನಿಲ್ಲಬೇಕೆಂಬ ನಿಯಮವೂ ಎಲ್ಲೆಡೆ ಇರುವುದಿಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ಮಕ್ಕಳನ್ನು ಪಕ್ಕದಲ್ಲಿ ಓಡಾಡಿಸಬಹುದು.

ಇನ್ನು ನಿಮ್ಮಿಬ್ಬರ ಸಿಡುಕಿನ ವಿಷಯ. ‘ಇಬ್ಬರೂ ನೋಡಿಕೊಳ್ಳೋಣ’ ಎಂದು ಹೊರಟಲ್ಲಿ ಸಾಮಾನ್ಯವಾಗಿ ಒಬ್ಬರೇ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಹೇಳಿದ್ದನ್ನಷ್ಟೇ ಮಾಡುತ್ತಾರೆ. ನೆನಪಿಟ್ಟುಕೊಳ್ಳುವುದೇ ದೊಡ್ಡ ದುಡಿಮೆಯೆಂಬುದು ಹೇಳಿಸಿಕೊಳ್ಳುವವರಿಗೆ ಕಾಣುವುದಿಲ್ಲ. ಹೊರಡುವ ಹಿಂದಿನ ದಿನವೇ ಕೆಲಸವನ್ನು ಹೆಸರಿಟ್ಟು ಹಂಚಿಕೊಳ್ಳಿ: ಟಿಕೆಟು, ಗುರುತಿನ ಪತ್ರ, ದಾರಿ ಮತ್ತು ದೊಡ್ಡ ಸಾಮಾನುಗಳು ಒಬ್ಬರ ಪಾಲಿಗೆ, ಮಕ್ಕಳು, ಅವರ ಊಟ ಮತ್ತು ಕೈಚೀಲ ಇನ್ನೊಬ್ಬರ ಪಾಲಿಗೆ. ಅರ್ಧ ದಿನ ಕಳೆದ ಮೇಲೆ ಪಾಲು ಅದಲುಬದಲಾಗಲಿ. ಒಬ್ಬರ ಪಾಲಿನ ಕೆಲಸಕ್ಕೆ ಇನ್ನೊಬ್ಬರು ಸಲಹೆ ಕೊಡಬಾರದೆಂಬ ಒಪ್ಪಂದವನ್ನೂ ಮಾಡಿಕೊಂಡರೆ ಒಳ್ಳೆಯದು. ಮಗನಿಗೆ ಅಂಗಿ ತಿರುವುಮುರುವಾಗಿ ತೊಡಿಸಿದ್ದರೂ ಆ ದಿನದ ಮಟ್ಟಿಗೆ ಅದು ಹಾಗೆಯೇ ಇರಲಿ.

ಕೈಚೀಲದ ಬಗ್ಗೆ ಒಂದು ಸೂಚನೆ. ಮಗುವಿನ ಒಂದು ಜೊತೆ ಬಟ್ಟೆ, ಡಯಾಪರ್, ವೆಟ್ ವೈಪ್ಸ್ ಇವನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಂಥ ಎರಡು ಮೂರು ಕಟ್ಟುಗಳನ್ನು ಕೈಚೀಲದಲ್ಲಿಡಿ. ಬಟ್ಟೆ ಕೊಳೆಯಾದಾಗ ಒಂದು ಕಟ್ಟನ್ನು ಎಳೆದರೆ ಸಾಕು, ಇಡೀ ಚೀಲವನ್ನು ಕೆದಕಬೇಕಾಗುವುದಿಲ್ಲ. ಕೊಳೆಯಾದದ್ದು ಅದೇ ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತದೆ. ದೊಡ್ಡವರಿಗೂ ಒಂದೊಂದು ಅಂಗಿ ಅಲ್ಲಿಯೇ ಇರಲಿ, ಏಕೆಂದರೆ ಮಗು ವಾಂತಿ ಮಾಡಿಕೊಳ್ಳುವುದು ಹೆಚ್ಚಾಗಿ ಎತ್ತಿಕೊಂಡವರ ಮೈಮೇಲೆ.

ಪ್ರಶ್ನೆ: ಐದು ವರ್ಷದ ಮಗ ಕಾರು ಹತ್ತಿ ಅರ್ಧ ಗಂಟೆಯಾಗುವಷ್ಟರಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಎರಡು ವರ್ಷದವನಿದ್ದಾಗ ಈ ತೊಂದರೆ ಇರಲಿಲ್ಲ. ಅವನು ಅಳದಿರಲೆಂದು ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಡುತ್ತೇವೆ, ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದೆಂದು ಏನನ್ನೂ ತಿನ್ನಿಸದೆ ಹೊರಡುತ್ತೇವೆ. ಆದರೂ ನಿಂತಿಲ್ಲ. ಇದು ಹೊಟ್ಟೆಯ ಕಾಯಿಲೆಯೇ?

ಉತ್ತರ: ಪ್ರಯಾಣದಲ್ಲಿ ಮಾತ್ರ ಆಗುತ್ತಿದ್ದು, ಇಳಿದ ಮೇಲೆ ಹುಡುಗ ಎಂದಿನಂತೆ ಆಡಿಕೊಂಡಿರುತ್ತಾನೆಂದರೆ ಇದು ಬಹುಮಟ್ಟಿಗೆ ಪ್ರಯಾಣದ ವಾಕರಿಕೆ. ಒಳಕಿವಿಯಲ್ಲಿರುವ ಸಮತೋಲನದ ಅಂಗವು ದೇಹ ಚಲಿಸುತ್ತಿದೆಯೆಂದು ಮಿದುಳಿಗೆ ತಿಳಿಸುತ್ತಿರುತ್ತದೆ. ಅದೇ ಹೊತ್ತಿಗೆ ಮುಂದಿನ ಸೀಟಿನ ಬೆನ್ನನ್ನೋ ಕೈಯಲ್ಲಿರುವ ಪರದೆಯನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಲ್ಲೇ ನಿಂತಿದೆಯೆಂದು ತಿಳಿಸುತ್ತದೆ. ಈ ಎರಡು ಸುದ್ದಿಗಳು ಹೊಂದಾಣಿಕೆಯಾಗದಿರುವುದೇ ವಾಕರಿಕೆಗೆ ಮೂಲ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ. 2ರಿಂದ 12 ವರ್ಷದವರೆಗಿನವರಲ್ಲಿ ಹೆಚ್ಚು. ಬೆಳೆದಂತೆ ಅನೇಕರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹೀಗಿರುವಾಗ ನೀವು ಸಮಾಧಾನಕ್ಕೆಂದು ಕೊಡುತ್ತಿರುವ ಮೊಬೈಲೇ ತೊಂದರೆಯನ್ನು ಹೆಚ್ಚಿಸುತ್ತಿರುವ ಸಾಧ್ಯತೆಯಿದೆ.

ಮೊದಲು ಮೊಬೈಲನ್ನೂ ಚಿತ್ರಪುಸ್ತಕವನ್ನೂ ದೂರವಿಟ್ಟು, ಹಾಡು ಅಥವಾ ಕಥೆಯನ್ನು ಕೇಳಿಸಿ, ಕಣ್ಣು ದೂರದ ಗುಡ್ಡ, ಮರ, ರಸ್ತೆಯ ಕಡೆಗಿರುವಂತಹ ಆಟವಾಡಿಸಿ. ಹಿಂದಿನ ಸೀಟಿನ ನಡುವಿನ ಜಾಗದಲ್ಲಿ ಅವನ ಆಸನವನ್ನು ಸರಿಯಾಗಿ ಬಿಗಿಯಲು ಬರುವುದಾದರೆ ಅಲ್ಲಿಂದ ಮುಂದಿನ ಗಾಜಿನ ಮೂಲಕ ರಸ್ತೆ ಕಾಣುತ್ತದೆ. ಮುಂದೆ ಕೂರಿಸಿದರೆ ವಾಂತಿ ಕಡಿಮೆಯಾಗುತ್ತದೆಂಬ ಸಲಹೆಯನ್ನು ಯಾರಾದರೂ ಕೊಟ್ಟಾರು. ಈ ವಯಸ್ಸಿನ ಮಗುವಿಗೆ ಹಿಂದಿನ ಸೀಟೇ ಸುರಕ್ಷಿತವಾದದ್ದು, ಅದನ್ನು ಬಿಟ್ಟುಕೊಡಬೇಡಿ. ಖಾಲಿ ಹೊಟ್ಟೆಯೂ ವಾಕರಿಕೆಯನ್ನು ತರುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲು ಎಣ್ಣೆ ಜಿಡ್ಡಿಲ್ಲದ ಹಗುರವಾದ ಆಹಾರವನ್ನು ಸ್ವಲ್ಪವೇ ಕೊಟ್ಟು, ದಾರಿಯಲ್ಲಿ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಕಿಟಕಿಯಿಂದ ತಣ್ಣನೆಯ ಗಾಳಿ ಬರಲಿ, ಕಾರಿನೊಳಗೆ ಸುಗಂಧದ ಡಬ್ಬಿ ಇದ್ದರೆ ತೆಗೆದಿಡಿ, ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಇಳಿಸಿ ಓಡಾಡಿಸಿ.

ಚಿಕ್ಕವರು ‘ಹೊಟ್ಟೆ ತೊಳಸುತ್ತಿದೆ’ ಎಂದು ಹೇಳುವುದಕ್ಕೆ ಮೊದಲೇ ಮುಖ ಹೇಳುತ್ತದೆ. ವಟವಟ ಮಾತಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾನೆ, ಮೇಲಿಂದ ಮೇಲೆ ಆಕಳಿಸುತ್ತಾನೆ, ತುಟಿಯ ಸುತ್ತ ಬಣ್ಣ ಕಳೆದು ಬಿಳಿಚಿಕೊಳ್ಳುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಮೂಡುತ್ತದೆ, ಬಾಯಲ್ಲಿ ನೀರೂರಿ ಮತ್ತೆ ಮತ್ತೆ ನುಂಗುತ್ತಾನೆ. ಈ ಗುರುತುಗಳನ್ನು ಕಂಡ ಕೂಡಲೇ ಸುರಕ್ಷಿತವಾದ ಕಡೆ ಕಾರು ನಿಲ್ಲಿಸಿದರೆ ಹಲವು ಸಲ ವಾಂತಿಯೇ ತಪ್ಪುತ್ತದೆ. ಹಿಂದೆ ಕುಳಿತ ದೊಡ್ಡವರೊಬ್ಬರು ಇದನ್ನು ಗಮನಿಸುವ ಹೊಣೆ ಹೊತ್ತರೆ ಓಡಿಸುವವರು ಕನ್ನಡಿಯಲ್ಲಿ ಮಗನ ಮುಖ ನೋಡುತ್ತ ಕೂರಬೇಕಾಗಿಲ್ಲ. ಕೈಗೆಟಕುವಲ್ಲಿ ತೂತಿಲ್ಲದ ಚೀಲ, ಒದ್ದೆ ಬಟ್ಟೆ ಮತ್ತು ಬಾಯಿ ಮುಕ್ಕಳಿಸಲು ನೀರು ಇಟ್ಟುಕೊಳ್ಳಿ. ವಾಂತಿಯಾಗಿಬಿಟ್ಟರೆ ಗದರಬೇಡಿ, ಹೆದರಿದ ಮಗುವಿಗೆ ಮುಂದಿನ ಸಲ ಕಾರು ಕಂಡರೇ ಹೊಟ್ಟೆ ತೊಳಸುತ್ತದೆ.

ಔಷಧಗಳಿವೆ, ಆದರೆ ಹೊರಡುವ ಮುನ್ನವೇ ಕೊಡಬೇಕಾದವು. ವಾಂತಿ ಆರಂಭವಾದ ಮೇಲೆ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ವೈದ್ಯರು ಸೂಚಿಸಿದ್ದನ್ನು ಮೊದಲ ಬಾರಿಗೆ ಪ್ರಯಾಣದ ದಿನವೇ ಕೊಡುವ ಬದಲು, ಮನೆಯಲ್ಲಿರುವಾಗ ಒಮ್ಮೆ ಕೊಟ್ಟು ನೋಡಬಹುದೇ ಎಂದು ಅವರನ್ನೇ ಕೇಳಿ. ತಲೆನೋವು, ಜ್ವರ, ನಡಿಗೆಯಲ್ಲಿ ತೂರಾಟ ಇವು ಜೊತೆಗಿದ್ದರೆ ಅಥವಾ ಪ್ರಯಾಣವಿಲ್ಲದಾಗಲೂ ವಾಂತಿಯಾಗುತ್ತಿದ್ದರೆ ಅದನ್ನು ಪ್ರಯಾಣದ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ವಾಂತಿಯ ತೊಂದರೆ ಇಲ್ಲದ ಮಕ್ಕಳಿಗೆ ದಾರಿಯಲ್ಲಿ ಮೊಬೈಲ್ ಕೊಡುವುದು ತಪ್ಪೇ? ಮನೆಯಲ್ಲಿ ನಾವು ಕೊಡುವುದೇ ಇಲ್ಲ.

ಉತ್ತರ: ತಪ್ಪೆಂದು ನನಗನ್ನಿಸುವುದಿಲ್ಲ. ದೀರ್ಘ ಪ್ರಯಾಣದ ದಿನವೊಂದು ಮನೆಯ ಶಿಸ್ತನ್ನು ಕೆಡಿಸಿಬಿಡುವುದಿಲ್ಲ. ‘ಇದು ಪ್ರಯಾಣದಲ್ಲಿ ಮಾತ್ರ’ ಎಂದು ಮೊದಲೇ ಹೇಳಿರಬೇಕು, ಅಷ್ಟೆ. ಬೇಕಾದ ಚಿತ್ರಗಳನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಆಗುವ ರಂಪ ತಪ್ಪುತ್ತದೆ. ಪಕ್ಕದವರಿಗೆ ಕಿರಿಕಿರಿಯಾಗದಂತೆ ಮಕ್ಕಳ ಕಿವಿಗೆ ಹೊಂದುವ, ಸದ್ದಿಗೆ ಮಿತಿಯಿರುವ ಹೆಡ್‌ಫೋನ್ ಇರಲಿ. ಮೊಬೈಲನ್ನು ಕೊನೆಯ ಅಸ್ತ್ರವಾಗಿ ಉಳಿಸಿಕೊಂಡವರಿಗೆ ಪ್ರಯಾಣದ ಕಡೆಯ ಗಂಟೆ ಸುಲಭವಾಗುತ್ತದೆ.

ಪ್ರಶ್ನೆ: ಎಂಟು ತಿಂಗಳ ಮಗಳೊಂದಿಗೆ ಮೊದಲ ಬಾರಿಗೆ ವಿಮಾನ ಹತ್ತುತ್ತಿದ್ದೇವೆ. ಮಗುವಿಗೆ ಕಿವಿ ನೋಯುತ್ತದೆ, ಅತ್ತು ರಂಪ ಮಾಡುತ್ತದೆ, ನಿದ್ದೆ ಬರುವ ಸಿರಪ್ ಕೊಟ್ಟುಬಿಡಿ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಹಾಗೆ ಮಾಡಬಹುದೇ? ಹಾಲು, ಮಗುವಿನ ಊಟ ಒಯ್ಯಲು ಬಿಡುತ್ತಾರೆಯೇ?

ಉತ್ತರ: ಸಿರಪ್‌ನ ವಿಷಯದಲ್ಲಿ ನನ್ನ ಉತ್ತರ ಬೇಡವೆಂಬುದು. ನೆಗಡಿ, ಅಲರ್ಜಿಗೆಂದು ಕೊಡುವ ಕೆಲವು ಔಷಧಗಳಿಂದ ಮಂಪರು ಬರುವುದುಂಟು. ಅದನ್ನೇ ನಿದ್ದೆಗಾಗಿ ಬಳಸುವುದು ಅಪಾಯಕಾರಿ. ಕೆಲವು ಮಕ್ಕಳಲ್ಲಿ ಅದು ತದ್ವಿರುದ್ಧವಾಗಿ ಕೆಲಸ ಮಾಡಿ, ಮಲಗುವ ಬದಲು ಇನ್ನಷ್ಟು ಚಡಪಡಿಸುವಂತೆ ಮಾಡುತ್ತದೆ. ಅಂಥ ಔಷಧಗಳಲ್ಲೊಂದಾದ ಪ್ರೊಮೆಥಜಿನ್ ಅನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಏಕೆಂದರೆ ಉಸಿರಾಟವೇ ಕುಗ್ಗುವ ಭಯವಿದೆ.

ಕಿವಿನೋವಿಗೆ ಕಾರಣ ಒತ್ತಡದ ವ್ಯತ್ಯಾಸ. ಮಧ್ಯಕಿವಿಯನ್ನು ಗಂಟಲಿನ ಹಿಂಭಾಗಕ್ಕೆ ಜೋಡಿಸುವ ಯುಸ್ಟೇಷಿಯನ್ ನಾಳ ಚಿಕ್ಕ ಮಕ್ಕಳಲ್ಲಿ ಕಿರಿದಾಗಿಯೂ ಹೆಚ್ಚು ಅಡ್ಡಡ್ಡವಾಗಿಯೂ ಇರುವುದರಿಂದ, ವಿಮಾನ ಕೆಳಗಿಳಿಯುವಾಗ ಏರುವ ಒತ್ತಡಕ್ಕೆ ಅದು ಬೇಗ ಹೊಂದಿಕೊಳ್ಳುವುದಿಲ್ಲ. ನುಂಗಿದಾಗ ಆ ನಾಳ ತೆರೆದುಕೊಳ್ಳುತ್ತದೆ. ಹಾಗಾಗಿ ಮೇಲೇರುವಾಗ ಮತ್ತು ಅದಕ್ಕಿಂತ ಮುಖ್ಯವಾಗಿ ಕೆಳಗಿಳಿಯುವಾಗ ಎದೆಹಾಲನ್ನೋ ಬಾಟಲಿಯನ್ನೋ ಕೊಡಿ, ಇಲ್ಲವೇ ಚೀಪುವ ನಿಪ್ಪಲ್ ಬಾಯಿಗಿಡಿ. ಇಲ್ಲಿ ಅನೇಕರು ಎಡವುವುದು ಹೊತ್ತಿನ ವಿಷಯದಲ್ಲಿ: ಇಳಿಯುವ ಕ್ರಿಯೆ ಚಕ್ರ ನೆಲಕ್ಕೆ ತಾಗುವ ಸುಮಾರು ಅರ್ಧ ಗಂಟೆ ಮೊದಲೇ ಆರಂಭವಾಗುತ್ತದೆ, ಆದರೆ ಅಷ್ಟು ಹೊತ್ತಿಗಾಗಲೇ ಮಗುವಿಗೆ ಹೊಟ್ಟೆ ತುಂಬ ಕುಡಿಸಿಬಿಟ್ಟಿರುತ್ತಾರೆ. ಒಂದು ಹೊತ್ತಿನ ಹಾಲನ್ನು ಸ್ವಲ್ಪ ಮುಂದೂಡಿ ಆ ಅರ್ಧ ಗಂಟೆಗೆ ಉಳಿಸಿಕೊಳ್ಳಿ. ವಿಪರೀತ ನೆಗಡಿಯೋ ಕಿವಿಯ ಸೋಂಕೋ ಇದ್ದರೆ ಹೊರಡುವ ಮೊದಲು ವೈದ್ಯರಿಗೆ ತೋರಿಸಿ.

ಕೈಸಾಮಾನಿನಲ್ಲಿ ದ್ರವಪದಾರ್ಥಕ್ಕೆ 100 ಮಿಲಿಲೀಟರಿನ ಮಿತಿಯಿರುವ ಕಡೆಗಳಲ್ಲಿಯೂ ಮಗುವಿನ ಹಾಲು ಮತ್ತು ಆಹಾರಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟರ ಮಟ್ಟಿಗೆ ಸಾಮಾನ್ಯವಾಗಿ ವಿನಾಯಿತಿಯಿರುತ್ತದೆ. ಅದನ್ನು ಬೇರೆ ಚೀಲದಲ್ಲಿಟ್ಟು, ತಪಾಸಣೆಯ ಸಿಬ್ಬಂದಿ ಕೇಳುವ ಮೊದಲೇ ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಪುಡಿಯಿಂದ ಕಲಸಿದ ಹಾಲು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದಾದ್ದರಿಂದ ಪುಡಿಯನ್ನು ಅಳೆದು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಕಲಸುವುದು ಒಳ್ಳೆಯದು. ಪವರ್ ಬ್ಯಾಂಕ್ ಇದ್ದರೆ ಕೈಚೀಲದಲ್ಲಿಯೇ ಇರಬೇಕು, ಒಪ್ಪಿಸುವ ಸಾಮಾನಿನಲ್ಲಿ ಹಾಕುವಂತಿಲ್ಲ.

ಇಷ್ಟಾದ ಮೇಲೂ ಮಗು ಅಳಬಹುದು. ಸುತ್ತಲಿನವರ ನೋಟಕ್ಕೆ ಅಂಜಿ ಅಪ್ಪ ಅಮ್ಮ ಗಾಬರಿಯಾದರೆ ಎತ್ತಿಕೊಂಡ ಕೈಯ ಬಿಗಿತದಿಂದಲೇ ಅದು ಮಗುವಿಗೆ ಗೊತ್ತಾಗುತ್ತದೆ. ಸೀಟ್ ಬೆಲ್ಟಿನ ಸೂಚನೆ ಆರಿದ್ದರೆ ಎದ್ದು ನಡುವಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿಸಿ. ಪಕ್ಕದವರ ಮುಖ ಗಂಟಿಕ್ಕಿದ್ದರೆ ಗಂಟಿಕ್ಕಿರಲಿ, ಅವರೂ ಒಂದು ಕಾಲಕ್ಕೆ ಅತ್ತವರೇ.

ಪ್ರಶ್ನೆ: ನಾನು ಅಜ್ಜಿ. ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗನೊಂದಿಗೆ ಪ್ರಯಾಣ ಹೋಗುವುದುಂಟು. ಮೊಮ್ಮಗ ಜನರ ನಡುವೆ ನೆಲದ ಮೇಲೆ ಬಿದ್ದು ಹೊರಳಾಡಿ ಅಳುತ್ತಾನೆ. ಸೊಸೆ ‘ಸುಮ್ಮನೆ ಬಿಟ್ಟುಬಿಡಿ ಅತ್ತೆ’ ಎನ್ನುತ್ತಾಳೆ, ಮಗ ಗದರುತ್ತಾನೆ, ನನಗೆ ನೋಡಲಾಗದೆ ಚಾಕೊಲೇಟು ಕೊಟ್ಟು ಸುಮ್ಮನಾಗಿಸುತ್ತೇನೆ. ಆಮೇಲೆ ನಮ್ಮ ಮೂವರಲ್ಲೂ ಬೇಸರ. ನಾನು ಮಾಡುವುದು ತಪ್ಪೇ?

ಉತ್ತರ: ಅಮ್ಮಾ, ನಿಮ್ಮ ಮರುಕದಲ್ಲಿ ತಪ್ಪಿಲ್ಲ; ಒಂದೇ ಅಳುವಿಗೆ ಮೂವರು ಮೂರು ಬಗೆಯಲ್ಲಿ ಉತ್ತರ ಕೊಡುತ್ತಿರುವುದು ಹುಡುಗನನ್ನು ಗೊಂದಲಕ್ಕೆ ತಳ್ಳುತ್ತಿದೆ. ಮೂರು ವರ್ಷದವನಿಗೆ ಬೇಕಾದದ್ದನ್ನು ಹೇಳಲು ಸಾಲುವಷ್ಟು ಮಾತಿಲ್ಲ, ತಡೆದುಕೊಳ್ಳುವ ಶಕ್ತಿ ಇನ್ನೂ ಬೆಳೆದಿಲ್ಲ. ಹಸಿವು, ನಿದ್ದೆ, ಸೆಕೆ, ಗದ್ದಲ ಇವುಗಳಲ್ಲಿ ಎರಡು ಸೇರಿದರೂ ಅವನು ನೆಲಕ್ಕೆ ಬೀಳುತ್ತಾನೆ. ಆ ಹೊತ್ತಿನಲ್ಲಿ ಬುದ್ಧಿಮಾತು ಅವನ ಕಿವಿಗೆ ಹೋಗುವುದಿಲ್ಲ. ಯಾರಾದರೂ ಒಬ್ಬರೇ ಅವನನ್ನು ಗದ್ದಲದಿಂದ ಪಕ್ಕಕ್ಕೆ ಎತ್ತಿಕೊಂಡು ಹೋಗಿ, ಅವನ ಎತ್ತರಕ್ಕೆ ಕುಳಿತು, ಕಡಿಮೆ ಮಾತಿನಲ್ಲಿ ‘ಸಾಕಾಗಿದೆ ಅಲ್ಲವೇ, ನಾನಿದ್ದೇನೆ’ ಎಂದು ಅಳು ಇಳಿಯುವವರೆಗೆ ಜೊತೆಗಿರಲಿ. ಉಳಿದಿಬ್ಬರು ಸಾಮಾನಿನ ಬಳಿಯಲ್ಲಿಯೇ ನಿಲ್ಲಲಿ. ಆ ಒಬ್ಬರು ಯಾರೆಂಬುದನ್ನು ಹೊರಡುವ ಮೊದಲೇ ಮಗ ಸೊಸೆಯೊಂದಿಗೆ ಮಾತಾಡಿ ತೀರ್ಮಾನಿಸಿ. ಅದು ನೀವೇ ಆದರೂ ಆಗಬಹುದು, ಆದರೆ ಅಳುವಿಗೆ ಚಾಕೊಲೇಟು ಸಿಗುತ್ತದೆಂದು ಒಮ್ಮೆ ಗೊತ್ತಾದರೆ ಮುಂದಿನ ಸರದಿಯಲ್ಲಿ ಅಳು ಇನ್ನೂ ಬೇಗ ಬರುತ್ತದೆ. ಕೊಡಬೇಕೆನಿಸಿದರೆ ಅವನು ನಗುನಗುತ್ತಿರುವಾಗ ಕೊಡಿ.

ಅಜ್ಜಿಯಂದಿರ ಚೀಲದಲ್ಲಿ ತಿಂಡಿ ಇದ್ದೇ ಇರುತ್ತದೆ, ಅದರ ಬಗ್ಗೆಯೂ ಒಂದು ಮಾತು. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾದ ಕಡಲೆಬೀಜ, ಬಾದಾಮಿ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮಿಂಟು, ಸೀಳದ ದ್ರಾಕ್ಷಿ ಇವನ್ನು ಕೊಡಬೇಡಿ; ಓಡುವ ವಾಹನದಲ್ಲಿ ಗಂಟಲಿಗೆ ಸಿಕ್ಕಿಕೊಂಡರೆ ನೆರವಾಗುವುದು ಬಹಳ ಕಷ್ಟ.

ಪ್ರಶ್ನೆ: ಕಾರಿನಲ್ಲಿ ಮಗು ಮಲಗಿಬಿಟ್ಟಾಗ ಎಬ್ಬಿಸಲು ಮನಸ್ಸಾಗದೆ, ಕಿಟಕಿ ಸ್ವಲ್ಪ ಇಳಿಸಿ, ಹತ್ತು ನಿಮಿಷದ ಕೆಲಸಕ್ಕೆ ಇಳಿದು ಹೋಗುವುದುಂಟು. ಪರವಾಗಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆ ಹತ್ತು ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು, ಕಿಟಕಿಯನ್ನು ಸ್ವಲ್ಪ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ, ಮತ್ತು ಮಗುವಿನ ದೇಹ ದೊಡ್ಡವರ ದೇಹಕ್ಕಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತದೆ. ಮೋಡ ಕವಿದ ದಿನವೂ ಇದಕ್ಕೆ ಹೊರತಲ್ಲ. ನಿದ್ದೆ ಕೆಟ್ಟರೆ ಅರ್ಧ ಗಂಟೆಯ ರಗಳೆ, ಅಷ್ಟೆ, ಎತ್ತಿಕೊಂಡೇ ಹೋಗಿ.

ಪ್ರಶ್ನೆ: ಜನಜಂಗುಳಿಯಲ್ಲಿ ಮಗು ಕೈತಪ್ಪಿಹೋದರೆ ಎಂಬ ಭಯದಿಂದ ನನಗೆ ಯಾವ ಜಾಗವನ್ನೂ ನೆಮ್ಮದಿಯಿಂದ ನೋಡಲಾಗುವುದಿಲ್ಲ. ಮಗಳಿಗೆ ನಾಲ್ಕು ವರ್ಷ.

ಉತ್ತರ: ಭಯವನ್ನು ಕೆಲವು ಕೆಲಸಗಳಾಗಿ ಬದಲಿಸಿಕೊಳ್ಳಬಹುದು. ನಿಮ್ಮ ಮೊಬೈಲ್ ಸಂಖ್ಯೆಯನ್ನು ಮಗಳ ಕೈಪಟ್ಟಿಯ ಒಳಮೈಯಲ್ಲಿ ಅಥವಾ ತೋಳಿನ ಮೇಲೆ ಪೆನ್ನಿನಿಂದ ಬರೆಯಿರಿ. ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡಿ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ನಂಬಿಬಿಡುತ್ತದೆ. ‘ನಾನು ಕಾಣದಿದ್ದರೆ ನನ್ನನ್ನು ಹುಡುಕಬೇಡ, ಇದ್ದಲ್ಲೇ ನಿಲ್ಲು, ಜೋರಾಗಿ ಕೂಗು, ನಾನು ಬರುತ್ತೇನೆ’ ಎಂಬ ಒಂದೇ ಪಾಠವನ್ನು ಮನೆಯಲ್ಲಿ ಆಟದಂತೆ ಹಲವು ಸಲ ಆಡಿಸಿ. ಸಮವಸ್ತ್ರದ ಸಿಬ್ಬಂದಿಯನ್ನೋ ಮಕ್ಕಳನ್ನು ಕರೆತಂದಿರುವ ಅಮ್ಮನನ್ನೋ ಸಹಾಯ ಕೇಳಬಹುದೆಂದು ತೋರಿಸಿಕೊಡಿ. ಕೈಬಿಡುವ ಗಳಿಗೆಗಳು ಬಹುತೇಕ ಒಂದೇ ತೆರನಾದವು: ಹಣ ಕೊಡುವಾಗ, ಫೋಟೊ ತೆಗೆಯುವಾಗ, ವಾಹನದಿಂದ ಸಾಮಾನು ಇಳಿಸುವಾಗ. ಆ ಹೊತ್ತಿಗೆ ಮಗಳ ಕೈ ಯಾರ ಕೈಯಲ್ಲಿರಬೇಕೆಂಬುದನ್ನು ದೊಡ್ಡವರು ಬಾಯಿಬಿಟ್ಟು ಹೇಳಿಕೊಳ್ಳಿ. ‘ನೀನು ಹಿಡಿದಿದ್ದೀ ಎಂದುಕೊಂಡೆ’ ಎಂಬ ಮಾತು ಹುಟ್ಟುವುದು ಅಲ್ಲಿಯೇ. ಪ್ರತಿದಿನ ಬೆಳಿಗ್ಗೆ ಹೊರಡುವ ಮುನ್ನ ಅವಳದೊಂದು ಫೋಟೊ ತೆಗೆದುಕೊಳ್ಳಿ, ಆ ದಿನದ ಬಟ್ಟೆಯ ಜೊತೆಗೆ ಚಪ್ಪಲಿಯೂ ಕಾಣುವಂತೆ. ಮಗು ತಪ್ಪಿಸಿಕೊಂಡಾಗ ಅಂಗಿ ಯಾವ ಬಣ್ಣದ್ದೆಂದು ಸಿಬ್ಬಂದಿ ಕೇಳಿದರೆ ಗಾಬರಿಯಲ್ಲಿ ನೆನಪಾಗದು, ಫೋಟೊ ಇದ್ದರೆ ತಕ್ಷಣ ತೋರಿಸಬಹುದು.